ರೇಣುಕಾಸಾಗರದ ತಡಿಯಲ್ಲಿ

ಕಡಲು ನಮ್ಮ ಸವದತ್ತಿ ಸೀಮೆಗೆ ಬಹುದೂರವಾದರೂ, ಕನಕುಂಬಿಯಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿದುಬರುವ ಮಲಪ್ರಭೆಯನ್ನು ನವಿಲುತೀರ್ಥದ ಗಿರಿದ್ವಾರದಲ್ಲಿ ತಡೆದು ನಿರ್ಮಿಸಿದ ರೇಣುಕಾಸಾಗರವು, ಮಳೆಗಾಲದ ಅಂತ್ಯದಲ್ಲಿ ತುಂಬಿ ನಿಂತಾಗ, ಆ ಕೊರತೆಯನ್ನು ಮರೆಯಿಸುವಷ್ಟು ವಿಶಾಲವಾಗಿ ತೋರುವುದು. ಮಕ್ಕಳುಮರಿಗಳೊಡನೆ ಒಂದು ದಿನವನ್ನು ಸಂತೋಷದಿಂದ ಕಳೆಯಬೇಕೆಂಬವರಿಗೆ ಇದಕ್ಕಿಂತ ಯೋಗ್ಯವಾದ ಸ್ಥಳವನ್ನು ಈ ಪ್ರಾಂತದಲ್ಲಿ ನಾನು ಕಾಣೆನು.

ಮೊದಲು ಎಲ್ಲಮ್ಮನ ಗುಡ್ಡಕ್ಕೆ ಹೋಗಿ, ತಾಯಿಯ ದರ್ಶನ ಮಾಡಿ, ಹಣೆಗೆ ಭಂಡಾರ ಹಚ್ಚಿಕೊಂಡು ಇಳಿದುಬರಬೇಕು. ಅಲ್ಲಿಯ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಯ ಜನಸಂದಣಿಯಲ್ಲಿ ಹಸುಗೂಸುಗಳೊಡನೆ ಹೋಗುವುದು ಕಷ್ಟವೇ ಸರಿ. ಅನಂತರ ಜಲಾಶಯದ ತಡಿಗೆ ಬಂದು, ನೀರಿನ ಮೇಲಿಂದ ಬೀಸುವ ಗಾಳಿಗೆ ಮುಖವೊಡ್ಡಿ ಬುತ್ತಿ ಬಿಚ್ಚಬೇಕು. ಬಿಳಿಯ ಅರಿವೆಯೊಳಗಿನ ಖಡಕ್ ಜೋಳದ ರೊಟ್ಟಿ ಮುರಿಯುವ ಸದ್ದು, ಬದನೆಯ ಎಣ್ಣೆಗಾಯಿಯ ಪರಿಮಳ, ಶೇಂಗಾ ಚಟ್ನಿಯ ನಡುವೆ ಮಾಡಿದ ಕುಣಿಯಲ್ಲಿ ನಿಲ್ಲುವ ಗಟ್ಟಿ ಮೊಸರು—ಇವುಗಳನ್ನು ಅಜ್ಜಿಯಾದಿಯಾಗಿ ಮೊಮ್ಮಕ್ಕಳವರೆಗೆ ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು ಅನುಭವಿಸುವ ಆನಂದವು ಮನೆಯ ಊಟದಲ್ಲಿ ದೊರೆಯಲಾರದು.

ಹೊತ್ತು ಉಳಿದರೆ ಸವದತ್ತಿಯ ಕೋಟೆಯುಂಟು, ಹೂಲಿಯ ಪಂಚಲಿಂಗೇಶ್ವರನುಂಟು. ಬೈಲಹೊಂಗಲದತ್ತ ಹೊರಟವರಿಗೆ ಸೊಗಲದ ಸೋಮೇಶ್ವರನ ಸನ್ನಿಧಿಯ ಜಲಪಾತ, ರಾಮದುರ್ಗದವರಿಗೆ ಸುರೇಬಾನದ ಶಬರಿಕೊಳ್ಳ. ಕಿತ್ತೂರಿಗೆ ಮಾತ್ರ ಬೇರೊಂದು ದಿನವನ್ನೇ ಮೀಸಲಿಡಬೇಕು. 1824ರಲ್ಲಿ ರಾಣಿ ಚೆನ್ನಮ್ಮನ ಸೈನ್ಯವು ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡಹಿದ ವೃತ್ತಾಂತವನ್ನು ಅಲ್ಲಿಯ ಕೋಟೆಯ ಹಾಳುಗೋಡೆಗಳ ನಡುವೆ ನಿಂತೇ ಮಕ್ಕಳಿಗೆ ಹೇಳಬೇಕು.

ಹೋಗುವವರಲ್ಲಿ ಒಂದು ಬಿನ್ನಹ: ಜಲಾಶಯದ ನೀರು ಆಳ, ಮಕ್ಕಳ ಕೈ ಬಿಡದಿರಿ, ಉಂಡ ಎಲೆಗಳನ್ನು ತಡಿಯಲ್ಲಿ ಚೆಲ್ಲದಿರಿ.