ಲಾಗಕ್ಕೆ ಅಡಿಗೋಲು

ಗರಿ ಉದುರುವ ಕಾಲದ ಮೇವಿನ ಬಗ್ಗೆ ಈ ವಾರ ಬರೆಯುತ್ತೇನೆ ಎಂದಿದ್ದೆ. ಗೋಧಿ ಎಷ್ಟು, ಜೋಳ ಎಷ್ಟು ಎಂದು ಕೇಳಿದವರು ಇನ್ನೊಂದು ವಾರ ತಾಳಿಕೊಳ್ಳಬೇಕು. ಮೊನ್ನೆ ಭಾನುವಾರ, ಹಾರುತ್ತಲೇ ಹಿಂದಕ್ಕೆ ಲಾಗ ಹಾಕುತ್ತ ಕೆಳಗಿಳಿಯುವ ರೋಲರ್ ಪಾರಿವಾಳಗಳನ್ನು ಹೊಸದಾಗಿ ಸಾಕುತ್ತಿರುವ ಹುಡುಗನೊಬ್ಬ ಬಂದು ಮೊಬೈಲು ಮುಂದೆ ಹಿಡಿದ. "ಸಾರ್, ನೋಡಿ, ನಲವತ್ತಡಿ ಇಳೀತು!" ಇಳಿದದ್ದು ನಿಜ. ಆದರೆ ಆ ಹಕ್ಕಿ ಲಾಗ ಮುಗಿಸಿ ಗುಂಪಿಗೆ ಮರಳಲೇ ಇಲ್ಲ, ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಹೋಗಿ ಕೂತಿತು. "ಆಮೇಲೆ ಎಷ್ಟು ಹೊತ್ತಿಗೆ ಎದ್ದಿತಪ್ಪಾ?" ಎಂದೆ. ಅದನ್ನು ಅವನು ಗಮನಿಸಿರಲಿಲ್ಲ.

ಹುಡುಗನದು ತಪ್ಪಲ್ಲ. ಅವನಿಗೆ ಮರಿ ಮಾರಿದವರು ಹೇಳಿಕೊಟ್ಟದ್ದೇ ಅಷ್ಟು. ಈಗ ಎಲ್ಲೆಡೆ ಆಳದ ಹುಚ್ಚು. ತಂದೆ ಹಕ್ಕಿ ಎಷ್ಟು ಅಡಿ, ತಾಯಿ ಎಷ್ಟು ಅಡಿ, ಅದರ ಮೇಲೆ ಮರಿಯ ಬೆಲೆ. ಹೇಗೆ ಹೊರಳುತ್ತದೆ, ಹೊರಳಿ ಹೇಗೆ ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ. ಈ ಜಗಳವನ್ನು ಇದೇ ಅಂಕಣದಲ್ಲಿ ಹಿಂದೆಯೂ ತೆಗೆದಿದ್ದೇನೆ, ಅವರು ಅಡಿಗೋಲು ಕೆಳಗಿಡುವ ತನಕ ತೆಗೆಯುತ್ತಲೇ ಇರುತ್ತೇನೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮತ್ತು ಅದಕ್ಕೆ ಅಂಟಿಕೊಂಡ ಬ್ಲ್ಯಾಕ್ ಕಂಟ್ರಿ ಎಂಬ ಕಲ್ಲಿದ್ದಲು, ಕಬ್ಬಿಣದ ಸೀಮೆಯಲ್ಲಿ ಈ ತಳಿ ರೂಪುಗೊಂಡಿತು. ಅಲ್ಲಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ವಿಲಿಯಂ ಪೆನ್ಸಮ್ ಅದರ ಮೇಲೊಂದು ಪುಸ್ತಕವನ್ನೇ ಬರೆದರು. ಆ ಪರಂಪರೆಯವರು ಕಣ್ಣಿಟ್ಟದ್ದು ವೇಗದ ಮೇಲೆ, ಅಂದದ ಮೇಲೆ. ಒಳ್ಳೆಯ ರೋಲರನ್ನು ಪಕ್ಕದಿಂದ ನೋಡಿ. ಗುಂಪಿನಲ್ಲಿ ಹಾರುತ್ತಿದ್ದ ಹಕ್ಕಿ ಒಮ್ಮೆಲೇ ತಲೆಯನ್ನು ಹಿಂದಕ್ಕೆ ಚೆಲ್ಲುತ್ತದೆ, ಬಾಲ ಬಿಚ್ಚುತ್ತದೆ, ರೆಕ್ಕೆ ಮೇಲಕ್ಕೇಳುತ್ತದೆ. ಅಲ್ಲಿಂದ ಮುಂದೆ ಕೊಕ್ಕು, ಕಾಲು, ಬಣ್ಣ ಯಾವುದೂ ಕಣ್ಣಿಗೆ ಸಿಗುವುದಿಲ್ಲ. ಸಿಗುವುದು ಗಿರ್ರನೆ ತಿರುಗುವ ಒಂದು ಉಂಡೆ, ಅದರ ನಡುವೆ ತೂತು. ಅದೇ ಹಕ್ಕಿಯನ್ನು ಹಿಂದಿನಿಂದ ನೋಡಿದರೆ ಎರಡು ರೆಕ್ಕೆಗಳೂ ನೆಟ್ಟಗೆ ನಿಂತು ನಡುವೆ ಮೈ ಅಡ್ಡವಾಗಿ ಇಂಗ್ಲಿಷಿನ ಎಚ್ ಅಕ್ಷರ ಕಾಣಬೇಕು. ರೆಕ್ಕೆಯ ತುದಿಗಳು ಒಂದನ್ನೊಂದು ದಾಟಿ ಎಕ್ಸ್ ಆಯಿತೋ, ಸುತ್ತು ಸಡಿಲವಾಯಿತೆಂದೇ ಲೆಕ್ಕ. ಕೊನೆಯಲ್ಲಿ ಹಕ್ಕಿ ತೂರಾಡದೆ, ತಡಕಾಡದೆ ಥಟ್ಟನೆ ನಿಂತು, ರೆಕ್ಕೆ ಬಡಿದು ನೇರ ಗುಂಪಿಗೆ ಏರಬೇಕು. ಹತ್ತಡಿಯಲ್ಲಿ ಇಷ್ಟನ್ನೂ ಮಾಡುವ ಹಕ್ಕಿಯ ಮುಂದೆ ಸಡಿಲ ಸುತ್ತಿನ ನಲವತ್ತಡಿಯ ಹಕ್ಕಿಯನ್ನು ನಾನು ಗೂಡಿನಲ್ಲೇ ಇಟ್ಟುಕೊಳ್ಳುವುದಿಲ್ಲ.

ಸ್ಪರ್ಧೆಯ ನಿಯಮವೂ ಇದನ್ನೇ ಹೇಳುತ್ತದೆ. ರೋಲರುಗಳ ವಿಶ್ವಕಪ್‌ನಲ್ಲಿ ತಂಡಕ್ಕೆ ಹೆಚ್ಚೆಂದರೆ 20 ಹಕ್ಕಿ, ತೀರ್ಪಿಗೆ 20 ನಿಮಿಷ. ಕನಿಷ್ಠ 5 ಹಕ್ಕಿಗಳು ಒಂದೇ ಕ್ಷಣದಲ್ಲಿ ಒಟ್ಟಿಗೆ ಹೊರಳಿದರೆ ಮಾತ್ರ ಅಂಕ. ಗುಣಮಟ್ಟ, ಆಳ ಎರಡೂ ಆಮೇಲೆ ಅದನ್ನು ಗುಣಿಸಲು ಬರುತ್ತವೆ. ಟ್ಯಾಂಕಿನ ಮೇಲೆ ಕೂತ ಹಕ್ಕಿ ಈ ಲೆಕ್ಕದಲ್ಲೇ ಬರುವುದಿಲ್ಲ.

ಅದಿರಲಿ. ಹುಡುಗ ಹೊರಡುವಾಗ ಇನ್ನೊಂದು ಪ್ರಶ್ನೆ ಕೇಳಿದ, ಅದು ಆಳದ ಜಗಳಕ್ಕಿಂತ ದೊಡ್ಡದು: "ಇದು ಯಾಕೆ ಸಾರ್ ಹೀಗೆ ಮಾಡುತ್ತೆ?"

ಗಿಡುಗನಿಂದ ತಪ್ಪಿಸಿಕೊಳ್ಳಲು ಎಂಬ ಉತ್ತರ ಬಹಳ ಕಾಲದಿಂದ ಓಡಾಡುತ್ತಿದೆ. ನಾನು ಒಪ್ಪುವುದಿಲ್ಲ. ನಮ್ಮ ರೈಲು ನಿಲ್ದಾಣದ ಸೂರಿನಲ್ಲಿರುವ ಬೂದುಬಣ್ಣದ ಪಾರಿವಾಳವೇ ಎಲ್ಲ ತಳಿಗಳ ಮೂಲ. ಗಿಡುಗನ ಭಯ ಅದಕ್ಕೂ ಇದೆ, ಲಾಗ ಇಲ್ಲ. ಗುಂಪು ಬಿಟ್ಟು ಕೆಳಗೆ ಬೀಳುವ ಹಕ್ಕಿಯ ಮೇಲೇ ಬೈರಿ ಎರಗುತ್ತದೆ. ರೋಲರ್ ಸಾಕುವವರಿಗೂ ಬೇಟೆಹಕ್ಕಿಗಳಿಗೂ ನಡೆದ ಹಗೆ ಎಷ್ಟು ಕೆಟ್ಟದ್ದೆಂದರೆ, 2007ರಲ್ಲಿ ಅಮೆರಿಕದಲ್ಲಿ ಗಿಡುಗಗಳನ್ನು ಹಿಡಿದು ಕೊಂದ ಆರೋಪದಲ್ಲಿ ರೋಲರ್ ಕ್ಲಬ್ಬುಗಳವರು ಸಿಕ್ಕಿಬಿದ್ದರು. ನಮ್ಮ ಹವ್ಯಾಸಕ್ಕೆ ಅದಕ್ಕಿಂತ ದೊಡ್ಡ ಕಳಂಕ ಇನ್ನೊಂದಿಲ್ಲ.

ಖುಷಿಗೆ ಹೊರಳುತ್ತದೆ ಎನ್ನುವವರಿದ್ದಾರೆ, ರೋಗ ಎನ್ನುವವರಿದ್ದಾರೆ. ಇಬ್ಬರಿಗೂ ಡಾರ್ವಿನ್ ಓದಲು ಹೇಳುತ್ತೇನೆ. ಆತ ಲಂಡನ್ನಿನ ಎರಡು ಪಾರಿವಾಳ ಕ್ಲಬ್ಬುಗಳಿಗೆ ಸೇರಿ, ಸ್ವತಃ ಗೂಡು ಕಟ್ಟಿ ಸಾಕಿದವನು. 1859ರ ತನ್ನ ಪುಸ್ತಕದಲ್ಲಿ ಹುಟ್ಟರಿವಿನ ಅಧ್ಯಾಯಕ್ಕೆ ಬಂದಾಗ ಲಾಗದ ಪಾರಿವಾಳವನ್ನೇ ಎತ್ತಿಕೊಳ್ಳುತ್ತಾನೆ. ಇದನ್ನು ಹಕ್ಕಿಗೆ ಕಲಿಸಬೇಕೆಂದು ಯಾರಿಗೂ ತೋಚಿರಲಾರದು, ಕಲಿಸಲೂ ಬಹುಶಃ ಆಗದು ಎಂಬುದು ಅವನ ವಾದ. ಇನ್ನೊಂದು ಹಕ್ಕಿ ಲಾಗ ಹಾಕುವುದನ್ನು ಕಂಡೇ ಇಲ್ಲದ ಮರಿಗಳು ಲಾಗ ಹಾಕುವುದನ್ನು ತಾನೇ ನೋಡಿದ್ದೇನೆ ಎಂದೂ ಬರೆಯುತ್ತಾನೆ. ಯಾವುದೋ ಒಂದು ಹಕ್ಕಿಯಲ್ಲಿ ಈ ವಿಚಿತ್ರ ಒಲವು ಕೊಂಚವಾಗಿ ತೋರಿತು, ಮನುಷ್ಯ ಅಂಥವನ್ನೇ ಆರಿಸಿ ಆರಿಸಿ ಜೋಡಿ ಮಾಡುತ್ತ ಬಂದ. ಗ್ಲಾಸ್ಗೊ ಬಳಿ ಒಂದೂವರೆ ಅಡಿ ಮೇಲೇಳುವುದರೊಳಗೆ ತಲೆಕೆಳಗಾಗುವ ಮನೆ ಪಾರಿವಾಳಗಳಿವೆಯಂತೆ ಎಂಬುದೂ ಅಲ್ಲೇ ಇದೆ.

ಡಾರ್ವಿನ್ ಆಮೇಲೆ 1868ರ ಪುಸ್ತಕದಲ್ಲಿ ಇದರ ಹಿಂದಿನ ಚರಿತ್ರೆಗೆ ಭಾರತಕ್ಕೇ ಬರುತ್ತಾನೆ, ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯ ಹತ್ತಿರ. ನನಗೆ ಇಡೀ ಪಾರಿವಾಳ ಸಾಹಿತ್ಯದಲ್ಲಿ ಆ ಕೆಲವು ಪುಟಗಳಷ್ಟು ಇಷ್ಟವಾದದ್ದು ಬೇರೆ ಇಲ್ಲ. ಅಕ್ಬರ್ ಈ ಆಟಕ್ಕೆ ಇಷ್ಕ್‌ಬಾಜಿ ಎಂದು ಹೆಸರಿಟ್ಟ. ಅರಮನೆಯಲ್ಲಿ 20,000ಕ್ಕೂ ಹೆಚ್ಚು ಪಾರಿವಾಳ, ಅವುಗಳಲ್ಲಿ 500 ಖಾಸಾ, ಎಂದರೆ ಆಯ್ದ ಹಕ್ಕಿಗಳು. ಹಕ್ಕಿ ಪೂರ್ತಿ ಒಂದು ಸುತ್ತು ಮಗುಚಿದರೆ ಅದು ಚರ್ಖ್, ಬೆನ್ನ ಮೇಲಾಗಿ ಕಾಲು ಮೇಲೆ ಮಾಡಿ ಚಕ್ಕನೆ ತಿರುಗಿದರೆ ಬಾಜಿ. ಎರಡನ್ನೂ ಬೇರೆಬೇರೆ ಎಣಿಸುತ್ತಿದ್ದರು. ತಳಿಗಳನ್ನು ಒಂದರೊಡನೊಂದು ಕೂಡಿಸಿ ಬಾದಶಹ ಹಕ್ಕಿಗಳನ್ನು ಎಷ್ಟು ಮೇಲಕ್ಕೆ ತಂದ ಎಂಬುದನ್ನು ಅಬುಲ್ ಫಜಲ್ ಕೊಂಡಾಡುತ್ತಾನೆ. ಆಸ್ಥಾನದ ಚರಿತ್ರೆಕಾರ ದಂಡು, ಕಂದಾಯ, ನಾಣ್ಯಗಳ ಲೆಕ್ಕ ಬರೆದ ಲೇಖನಿಯಲ್ಲೇ ಪಾರಿವಾಳದ ಲಾಗಗಳ ಲೆಕ್ಕವನ್ನೂ ಬರೆದಿಟ್ಟಿದ್ದಾನೆ! ಆ ಮನೆತನಕ್ಕೆ ಈ ಮೋಹ ಹಳೆಯದು. ಅಕ್ಬರನ ಮುತ್ತಜ್ಜ ಉಮರ್ ಶೇಖ್ ಮಿರ್ಜಾ 1494ರಲ್ಲಿ ಅಖ್ಸಿ ಕೋಟೆಯಲ್ಲಿ ಪಾರಿವಾಳದ ಗೂಡಿನ ಸಮೇತ ಕಮರಿಗೆ ಉರುಳಿ ಸತ್ತ. ಅವನ ಮಗ ಬಾಬರ್ ಪಟ್ಟಕ್ಕೆ ಬಂದದ್ದು ಹಾಗೆ.

ನಮ್ಮ ದೇಶದ ಲೋಟನ್ ಪಾರಿವಾಳವೂ ಡಾರ್ವಿನ್ನನ ಪುಟಗಳಲ್ಲಿದೆ. ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಅಲುಗಾಡಿಸಿ ನೆಲಕ್ಕೆ ಬಿಟ್ಟರೆ ಉರುಳುತ್ತಲೇ ಇರುತ್ತದೆ. ಎತ್ತಿಕೊಂಡು ಮುಖಕ್ಕೆ ಊದಿ ಸಮಾಧಾನ ಮಾಡಬೇಕು, ಇಲ್ಲವಾದರೆ ಉರುಳಿ ಉರುಳಿ ಸಾಯುತ್ತದೆ. ಇದನ್ನು ಸಾಕುವುದು ಹಿಂಸೆ ಎಂದರೆ ನಾನು ತಲೆಬಾಗುತ್ತೇನೆ. ಆಕಾಶದಲ್ಲಿ ಹೊರಳಿ, ನಿಂತು, ಮತ್ತೆ ಮೇಲೇರಿ, ಇಳಿದು ಬಂದು ಕಾಳು ತಿಂದು ಜೋಡಿಯೊಡನೆ ಗುಟುರು ಹಾಕುವ ರೋಲರಿಗೆ ಆ ಮಾತು ಅನ್ವಯಿಸುವುದಿಲ್ಲ. ಆದರೆ ಎರಡರ ಮೈಯಲ್ಲಿರುವುದೂ ಒಂದೇ ಬಗೆಯ ಸೆಳೆತ, ಪ್ರಮಾಣ ಮಾತ್ರ ಬೇರೆ ಎಂಬುದು ನನ್ನ ನಂಬಿಕೆ. ರೋಲರನ್ನು ರೇಸಿನ ಹೋಮರಿಗೆ ಕೂಡಿಸಿದರೆ ಮೊದಲ ಪೀಳಿಗೆ ಹೊರಳುವುದಿಲ್ಲ. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಮುಂದಿನ ಪೀಳಿಗೆಯಲ್ಲಿ ಕೆಲವು ಹೊರಳುತ್ತವೆ, ಅವೂ ಒಂದರಂತೆ ಒಂದಲ್ಲ. ಗುಣ ರಕ್ತದಲ್ಲಿ ಅಡಗಿ ಕೂರುತ್ತದೆ, ಹೆಚ್ಚುಕಡಿಮೆಯಾಗಿ ಹೊರಬೀಳುತ್ತದೆ. ಎಷ್ಟು ಹೊರಬೀಳಬೇಕೆಂಬುದು ಜೋಡಿ ಮಾಡುವವನ ಕೈಯಲ್ಲಿದೆ.

ಆಳದವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿಯೇ. ಅತಿ ಆಳದ ಗಂಡಿಗೆ ಅತಿ ಆಳದ ಹೆಣ್ಣು ತಂದು ಕಟ್ಟುತ್ತ ಹೋದರೆ ನಿಲ್ಲಲಾಗದ ಮರಿ ಹುಟ್ಟುತ್ತದೆ. ಅಂಥ ಒಂದು ಕೆಂಪು ಹೆಣ್ಣು ನನ್ನ ಪರಿಚಯದವರೊಬ್ಬರ ಮನೆಯಲ್ಲಿತ್ತು. ಒಂದು ಬೆಳಿಗ್ಗೆ ಸೊಗಸಾಗಿ ಸುತ್ತಲು ಶುರುಮಾಡಿತು, ಸುತ್ತು ಬಿಡಲೇ ಇಲ್ಲ, ಕಾರ್ ಶೆಡ್ಡಿನ ತಗಡಿಗೆ ಬಡಿಯಿತು. ಮೇಲೆ ಹತ್ತಿ ನೋಡಿದರೆ ಎದೆಯ ಮೂಳೆ ಸೀಳಿತ್ತು, ಉಸಿರು ಇನ್ನೂ ಇತ್ತು. ಅದರ ಅಣ್ಣನನ್ನು ಅದೇ ತಿಂಗಳು "ಆಳದ ರಕ್ತ" ಎಂದು ಒಳ್ಳೆಯ ಬೆಲೆಗೆ ಮಾರಿದರು.

ಹುಡುಗನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಆ ನಲವತ್ತಡಿಯ ಗಂಡನ್ನು ಈ ವರ್ಷ ಜೋಡಿ ಮಾಡಬೇಡ. ಚೆನ್ನಾಗಿ ಹೊರಳುತ್ತಿದ್ದ ಹಕ್ಕಿಗಳೇ ಎರಡನೆಯ ವರ್ಷದಲ್ಲಿ ಹತೋಟಿ ಕಳೆದುಕೊಂಡದ್ದನ್ನು ಕಂಡಿದ್ದೇನೆ. ಇನ್ನೊಂದು ವರ್ಷ ಹಾರಿಸು, ಟ್ಯಾಂಕಿನ ಮೇಲೆ ಕೂರುವುದನ್ನು ಬಿಟ್ಟು ಪ್ರತಿ ಸಲವೂ ಗುಂಪಿಗೆ ಏರುತ್ತದೆಯೇ ನೋಡು. ಏರಿದರೆ ಅದಕ್ಕೆ ಆಳ ಕಡಿಮೆಯ, ವೇಗ ಹೆಚ್ಚಿನ ಹೆಣ್ಣು ಹುಡುಕೋಣ. ನನ್ನ ಗೂಡಿನ ನೀಲಿ ಪಟ್ಟೆಯ ಹೆಣ್ಣಿನ ಮರಿ ಒಂದನ್ನು ಕೊಡುತ್ತೇನೆ.