ತುಣುಕಿನ ವಿಳಾಸ

ನಮ್ಮ ಸಿನಿಮಾಕ್ಕೆ ನೂರು ತುಂಬಿದ 2013ರಲ್ಲಿ ಟಿ.ವಿ.ಯ ಹಲವು ವಾಹಿನಿಗಳು ಹಳೆಯ ಚಿತ್ರಗಳ ತುಣುಕುಗಳನ್ನು ಪೋಣಿಸಿ ಒಂದೊಂದು ಗಂಟೆಯ ಕಾರ್ಯಕ್ರಮ ಮಾಡಿದವು. ನಾನು ಅಂಥವನ್ನು ಹುಡುಕಿಕೊಂಡು ನೋಡುವವನು. ಮೊದಲಿಗೆ ಧೋತರ ಉಟ್ಟ ಫಾಲ್ಕೆ ಫಿಲ್ಮಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ; ಬಾಲಕೃಷ್ಣ ಕಾಳಿಂಗನ ಹೆಡೆಯ ಮೇಲೆ ಕುಣಿಯುತ್ತಾನೆ; ‘ಆಲಂ ಆರಾ’ದ ಒಂದು ಸ್ತಬ್ಧಚಿತ್ರ ಬಂದು ಹೋಗುತ್ತದೆ; ಅಷ್ಟರಲ್ಲಿ ಹಾಡುಗಳು ಶುರುವಾಗಿ ಬಣ್ಣ ಬಂದುಬಿಡುತ್ತದೆ. ಇಂಥ ಮೂರು ನಾಲ್ಕು ಕಾರ್ಯಕ್ರಮ ನೋಡಿದವರಿಗೆ ಐದನೆಯದರಲ್ಲಿ ಮುಂದೇನು ಬರುತ್ತದೆಂದು ಮೊದಲೇ ಗೊತ್ತಿರುತ್ತದೆ. ನೋಡುವಾಗ ಖುಷಿಯಾಗುವುದು ನಿಜ. ಆದರೆ ಮುಗಿದ ಮೇಲೆ, ಮದುವೆಮನೆಯಲ್ಲಿ ಹತ್ತಾರು ಜನರನ್ನು ಮಾತಾಡಿಸಿಯೂ ಯಾರ ಹೆಸರನ್ನೂ ಕೇಳದೆ ಬಂದಂತೆ ಏನೋ ಒಂದು ಕೊರತೆ.

ಆ ಮೊದಲ ತುಣುಕನ್ನೇ ನೋಡಿ. ಅದು ಫಾಲ್ಕೆಯವರ ಬಗ್ಗೆ ಬೇರೆ ಯಾರೋ ತೆಗೆದದ್ದಲ್ಲ. ಚಲನಚಿತ್ರ ಹೇಗೆ ತಯಾರಾಗುತ್ತದೆ ಎಂದು ಜನಕ್ಕೆ ತಿಳಿಸಲು 1917ರಲ್ಲಿ ಅವರೇ ಮಾಡಿದ ಕಿರುಚಿತ್ರದಿಂದ ಉಳಿದ ಭಾಗ. ಇಷ್ಟು ತಿಳಿದರೆ ಸಾಕು, ಗೋಡೆಯ ಮೇಲಿನ ಪಟದಂತೆ ಕಾಣುತ್ತಿದ್ದ ಮನುಷ್ಯ ತನ್ನ ಕಸುಬನ್ನು ಬಿಡಿಸಿ ಹೇಳುವ ಮೇಷ್ಟ್ರಾಗಿ ಬದಲಾಗುತ್ತಾರೆ. ಎರಡನೆಯದು 1919ರ ‘ಕಾಲಿಯಾ ಮರ್ದನ್’ನದು. ಕೃಷ್ಣನಾಗಿರುವುದು ಫಾಲ್ಕೆಯವರ ಮಗಳು ಮಂದಾಕಿನಿ. ಆ ಚಿತ್ರ ಶುರುವಾಗುವುದು ಹಾವಿನಿಂದಲ್ಲ. ಮೊದಲು ಆ ಹುಡುಗಿ ಕ್ಯಾಮೆರಾದ ಮುಂದೆ ನಗು, ಸಿಟ್ಟು ಮೊದಲಾದ ಭಾವಗಳನ್ನು ಒಂದೊಂದಾಗಿ ಮುಖದ ಮೇಲೆ ತಂದು ತೋರಿಸುತ್ತಾಳೆ. ಆಮೇಲೆ ನಮ್ಮ ಕಣ್ಣೆದುರಿಗೇ ಕೃಷ್ಣನಾಗುತ್ತಾಳೆ. ಇವಳು ನನ್ನ ಮಗಳು, ಇನ್ನು ಮುಂದೆ ದೇವರು ಎಂದು ಫಾಲ್ಕೆ ಬಚ್ಚಿಡದೆ ಹೇಳುತ್ತಿದ್ದಾರೆ. ಹಾವಿನ ಕುಣಿತವನ್ನಷ್ಟೇ ಕತ್ತರಿಸಿ ತೋರಿಸಿದಾಗ ಉಳಿಯುವುದು ಪವಾಡ. ಅವರಿಗೆ ಬೇಕಾಗಿದ್ದುದು ಪವಾಡದ ಜೊತೆಗೆ ಅದನ್ನು ಕಟ್ಟುವ ಬಗೆಯೂ ಹೌದು.

‘ರಾಜಾ ಹರಿಶ್ಚಂದ್ರ’ದ ಜಲಕ್ರೀಡೆಯ ದೃಶ್ಯಕ್ಕೂ ಇದೇ ಗತಿ. ಒದ್ದೆ ಸೀರೆಯ ಗಂಡಸರನ್ನು ಕಂಡು ಇಂದಿನವರು ನಗುತ್ತಾರೆ. 1913ರಲ್ಲಿ ತಾರಾಮತಿಯಾದ ಅಣ್ಣಾ ಸಾಳುಂಕೆ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದವರು. ಸಿನಿಮಾದಲ್ಲಿ ಪಾತ್ರ ಮಾಡಲು ಹೆಂಗಸರು ಮುಂದೆ ಬರದ ಕಾಲ ಅದು. ಕಂಪನಿ ನಾಟಕದ ಸ್ತ್ರೀಪಾತ್ರಧಾರಿಗಳನ್ನು ಮೆಚ್ಚಿ ನೋಡಿದ ನಮ್ಮ ಅಜ್ಜಂದಿರಿಗೆ ಇದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಇನ್ನೊಂದು ಸಂಗತಿಯಿದೆ: ಇಂದು ನಾವು ನೋಡುವ ರೀಲುಗಳು 1913ರವೋ ಅಥವಾ 1917ರಲ್ಲಿ ಫಾಲ್ಕೆ ಅದೇ ಕಥೆಯನ್ನು ಮರಳಿ ತೆಗೆದ ಚಿತ್ರದವೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಕಾರ್ಯಕ್ರಮಗಳು ಮಾತ್ರ ‘ಭಾರತದ ಮೊದಲ ಚಿತ್ರ’ ಎಂದು ಘೋಷಿಸಿ ಮುಂದೆ ಸಾಗುತ್ತವೆ.

ತುಣುಕುಗಳಲ್ಲಿ ಎರಡು ಜಾತಿಯಿವೆ ಎಂಬುದನ್ನು ನಾವು ಮರೆಯುತ್ತಿದ್ದೇವೆಂದು ನನಗೆ ತೋರುತ್ತದೆ. ಒಂದು, ಉಳಿದ ತುಣುಕು; ಮಿಕ್ಕದ್ದೆಲ್ಲ ನಾಶವಾಗಿ ಇಷ್ಟೇ ಕೈಗೆ ಸಿಕ್ಕಿದ್ದು. ಇನ್ನೊಂದು, ಕತ್ತರಿಸಿದ ತುಣುಕು. ಇಡೀ ಚಿತ್ರ ಇದ್ದೂ ನಮಗೆ ಬೇಕಾದಷ್ಟನ್ನು ಆಯ್ದುಕೊಂಡದ್ದು. ಮೊದಲನೆಯದು ಹಾಳು ದೇಗುಲದ ಕಂಬವಾದರೆ, ಎರಡನೆಯದು ನಿಂತಿರುವ ದೇಗುಲದಿಂದ ಕಿತ್ತು ತಂದ ಕಂಬ. ತೆರೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಯಾವುದು ಯಾವುದೆಂದು ಹೇಳದ ಕಾರ್ಯಕ್ರಮ ಎಷ್ಟೇ ಚೆಂದವಿರಲಿ, ಚರಿತ್ರೆಯಾಗುವುದಿಲ್ಲ.

ನಾವು ಕಳೆದುಕೊಂಡದ್ದು ಸ್ವಲ್ಪವಲ್ಲ. ಮೂಕಿ ಯುಗದಲ್ಲಿ ಈ ದೇಶದಲ್ಲಿ ಸುಮಾರು 1,300 ಚಿತ್ರಗಳು ತಯಾರಾದವು. ಉಳಿದಿರುವುದು, ಅರೆಬರೆಯವನ್ನೂ ಸೇರಿಸಿ, ಬೆರಳೆಣಿಕೆಯಷ್ಟು. 1931ರ ‘ಆಲಂ ಆರಾ’, ನಮ್ಮ ಮೊದಲ ಮಾತಿನ ಚಿತ್ರ, ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ, ಕೊಲ್ಹಾಪುರದಲ್ಲಿ ಚಿತ್ರೀಕರಣವಾಗಿ 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನಾ’, ಅದೂ ಇಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು ಅದರಲ್ಲಿ ಹೇಗೆ ಮಾತಾಡಿದರೆಂದು ತಿಳಿಯಲು ದಾರಿಯಿಲ್ಲ. ಆಗಿನ ಫಿಲ್ಮು ನೈಟ್ರೇಟಿನದು. ಬೇಗ ಹೊತ್ತಿಕೊಳ್ಳುವಂಥದ್ದು, ಇಟ್ಟಲ್ಲೇ ಕೊಳೆಯುವಂಥದ್ದು. ಅದರಲ್ಲಿದ್ದ ಬೆಳ್ಳಿಯ ಆಸೆಗೆ ರೀಲುಗಳನ್ನು ತೂಕಕ್ಕೆ ಹಾಕಿ ಮಾರಿದವರೂ ಇದ್ದರು. ತಾತನ ತಾಳೆಗರಿಗಳನ್ನು ಒಲೆಗೆ ಹಾಕಿದ ಮನೆಗಳನ್ನು ಬಲ್ಲ ನಮಗೆ ಇದು ತೀರ ಹೊಸ ಕಥೆಯೇನಲ್ಲ.

ದೂರದರ್ಶನದ ಕಥೆ ಬೇರೆ ರೀತಿಯದು. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗಾರ್ಥವಾಗಿ ಅದು ಶುರುವಾದಾಗ ಕಾರ್ಯಕ್ರಮಗಳು ನೇರವಾಗಿ ಗಾಳಿಗೆ ಹೋಗಿ ಅಲ್ಲೇ ಮುಗಿಯುತ್ತಿದ್ದವು. ಟೇಪು ಬಂದ ಮೇಲೂ ಅದು ದುಬಾರಿ. ಒಂದರ ಮೇಲೊಂದು ಅಚ್ಚೊತ್ತಿ ಹಳೆಯದನ್ನು ಅಳಿಸುವುದು ಜಗತ್ತಿನ ಎಷ್ಟೋ ಟಿ.ವಿ. ಸಂಸ್ಥೆಗಳಲ್ಲಿ ರೂಢಿಯಾಗಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ, ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಊರುಗಳೂ ಇದ್ದವು. ಶಾಲೆಯ ಅಂಗಳದಲ್ಲಿ ಕೂತು ಅವರು ನೋಡಿದ್ದೇನು? ನಾನು ನೋಡಿದ ಯಾವ ನೆನಪಿನ ಕಾರ್ಯಕ್ರಮದಲ್ಲೂ ಅದರ ಒಂದು ನಿಮಿಷವೂ ಬಂದದ್ದಿಲ್ಲ.

ಹೀಗೆ ಕಳೆದದ್ದು ಒಂದು ಕಡೆಗಾದರೆ, ಇದ್ದದ್ದನ್ನು ಕತ್ತರಿಸಿ ಕೆಡಿಸುವುದು ಇನ್ನೊಂದು ಕಡೆ. ಎಸ್.ಎನ್.ಎಸ್. ಶಾಸ್ತ್ರಿಯವರು 1967ರಲ್ಲಿ ಫಿಲ್ಮ್ಸ್ ಡಿವಿಜನ್ನಿಗಾಗಿ ‘ಐ ಆಮ್ 20’ ಎಂಬ ಕಿರುಚಿತ್ರ ಮಾಡಿದರು. ಸ್ವಾತಂತ್ರ್ಯದ ಜೊತೆಗೇ ಹುಟ್ಟಿ ಇಪ್ಪತ್ತು ತುಂಬಿದ ಹುಡುಗ ಹುಡುಗಿಯರನ್ನು ಮಾತಾಡಿಸುವ ಚಿತ್ರ. ರೈಲಿನಲ್ಲಿ ಕೂತು, ಈ ದೇಶವನ್ನು ಸುತ್ತಿ ನೋಡಬೇಕೆಂದು ಸೊಗಸಾದ ಇಂಗ್ಲಿಷಿನಲ್ಲಿ ಹೇಳುವ ಒಬ್ಬ ತರುಣನ ತುಣುಕು ಈಗ ಫೋನಿನಿಂದ ಫೋನಿಗೆ ಹರಿದಾಡುತ್ತಿದೆ. ‘ಆಗಿನ ಹುಡುಗರು ಎಷ್ಟು ತಿಳಿದವರಾಗಿದ್ದರು!’ ಎಂಬ ಒಕ್ಕಣೆ ಬೇರೆ. ಆದರೆ ಇಡೀ ಚಿತ್ರದಲ್ಲಿ ದೇಶದ ಮೇಲೆ ತನಗೇನೂ ಪ್ರೀತಿಯಿಲ್ಲ ಎನ್ನುವವನೂ ಇದ್ದಾನೆ, ಹೊಲದಲ್ಲಿ ದುಡಿಯುವವನೂ ಇದ್ದಾನೆ. ಒಬ್ಬನ ಮಾತಿನ ಪಕ್ಕದಲ್ಲಿ ಇನ್ನೊಬ್ಬನ ಮಾತನ್ನಿಟ್ಟು ಇಬ್ಬರನ್ನೂ ಪರೀಕ್ಷೆಗೆ ಒಡ್ಡುವುದೇ ಶಾಸ್ತ್ರಿಯವರ ಕೆಲಸವಾಗಿತ್ತು. ಸರ್ಕಾರದ ದುಡ್ಡಿನಲ್ಲಿ ಅವರು ಸಾಧಿಸಿದ ಆ ಜಗಳವನ್ನು ನಾವು ಪುಕ್ಕಟೆಯಾಗಿ ಕತ್ತರಿಸಿ ಎಸೆದಿದ್ದೇವೆ. ಚಿತ್ರವಂತೂ ಪೂರ್ತಿಯಾಗಿ ನೋಡಲು ಸಿಗುತ್ತದೆ. ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ.

ಪೂರ್ತಿ ನೋಡುವುದೆಂದರೆ ಏನು ಎಂಬುದಕ್ಕೆ ನಮ್ಮ ಹತ್ತಿರವೇ ಒಂದು ನಿದರ್ಶನವಿದೆ. 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಭಂಡಾರವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಒಳ್ಳೆಯದು ಕೆಟ್ಟದ್ದು ಎಂದು ಭೇದ ಮಾಡದೆ ಸಿಕ್ಕಿದ್ದನ್ನೆಲ್ಲ ಉಳಿಸಬೇಕೆನ್ನುತ್ತಿದ್ದವರು. ಉಳಿಸಿದ್ದನ್ನು ಬೀಗ ಹಾಕಿ ಇಟ್ಟವರೂ ಅಲ್ಲ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಚಿತ್ರಸಮಾಜ ಕಟ್ಟಿದಾಗ ಆ ಭಂಡಾರದ ಡಬ್ಬಗಳು ಅಡಿಕೆ ತೋಟದ ನಡುವಿನ ಊರಿಗೆ ಬಂದವು. ಸತೀಶ್ ಬಹಾದ್ದೂರ್ ಬಂದು ಪಾಠ ಹೇಳಿದರು. ಹಳ್ಳಿಯವರು ‘ಪಥೇರ್ ಪಾಂಚಾಲಿ’ಯನ್ನೂ ‘ರಾಶೊಮಾನ್’ಅನ್ನೂ ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದರು, ವಾದ ಮಾಡಿದರು. ಈ ಜನಕ್ಕೆ ತುಣುಕು ಸಾಕು ಎಂದು ಅಲ್ಲಿ ಯಾರೂ ಭಾವಿಸಲಿಲ್ಲ.

ಈಚೆಗೆ ಆಗುಂಬೆ ಸೀಮೆಯ ನಮ್ಮ ದೊಡ್ಡಮ್ಮನಿಗೆ ‘ಮಾಲ್ಗುಡಿ ಡೇಸ್’ನ ಒಂದು ತುಣುಕನ್ನು ಫೋನಿನಲ್ಲಿ ತೋರಿಸಿದೆ. ಶಂಕರನಾಗ್ 1986ರ ಸುಮಾರಿಗೆ ಆಗುಂಬೆಯಲ್ಲಿ ಚಿತ್ರಿಸಿದ ಧಾರಾವಾಹಿ ಅದು. ಊರು ಬಿಟ್ಟು ಹೊರಟ ಗೆಳೆಯ ರಾಜಂನನ್ನು ಕಾಣಲು ಸ್ವಾಮಿ ಪುಸ್ತಕ ಹಿಡಿದು ರೈಲಿನ ಹತ್ತಿರ ಬರುವ ಭಾಗ. ಕಣ್ಣು ಒದ್ದೆಯಾಗಲಿ ಎಂದೇ ಯಾರೋ ಅದನ್ನು ಕತ್ತರಿಸಿದ್ದರು, ನನ್ನ ಕಣ್ಣು ಒದ್ದೆಯೂ ಆಗಿತ್ತು. ದೊಡ್ಡಮ್ಮ ಮಾತ್ರ ಹುಬ್ಬು ಗಂಟಿಕ್ಕಿ, ‘‘ಅಲ್ವೋ, ಇವನು ಅಂಥಾದ್ದೇನು ಮಾಡಿದ್ದ? ಆ ಹುಡುಗ ಯಾಕೆ ಮಾತಾಡ್ದೇ ಕೂತಿದಾನೆ?’’ ಎಂದರು. ಕ್ರಿಕೆಟ್ ಮ್ಯಾಚಿನ ದಿನ ಸ್ವಾಮಿ ಬಾರದೇ ಹೋದದ್ದು, ಅದಕ್ಕೆ ಮುಂಚೆ ಶಾಲೆಯಿಂದ, ಮನೆಯಿಂದ ಓಡಿಹೋದದ್ದು, ಎಲ್ಲವನ್ನೂ ಹೇಳಬೇಕಾಯಿತು. ಕೇಳಿ ಮುಗಿಸಿ ಅವರು, ‘‘ಹಾಗಾದ್ರೆ ಮೊದಲಿಂದ ಹಾಕು’’ ಎಂದರು.

ತುಣುಕುಗಳನ್ನು ಪೋಣಿಸುವವರಿಂದ ನಾನು ಬಯಸುವುದು ದೊಡ್ಡದೇನಲ್ಲ. ಕೆಳಗೊಂದು ಸಾಲು ಇರಲಿ: ಇದು ಯಾವ ಚಿತ್ರ, ಯಾವ ವರ್ಷದ್ದು, ಮಾಡಿದವರು ಯಾರು, ಎಷ್ಟರಲ್ಲಿ ಎಷ್ಟು ಉಳಿದಿದೆ, ಪೂರ್ತಿಯಿದ್ದರೆ ಎಲ್ಲಿ ಸಿಗುತ್ತದೆ. ‘ಸತಿ ಸುಲೋಚನಾ’ವನ್ನು ಮೊದಲಿಂದ ಹಾಕು ಎಂದು ದೊಡ್ಡಮ್ಮ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಮಾಲ್ಗುಡಿಯದು ಇತ್ತು, ಹಾಕಿದೆ.