ಸಾಲ ಬೇರೆ, ಋಣ ಬೇರೆ

ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ. ಒಂದು ಸಾಲ, ಇನ್ನೊಂದು ಋಣ. ಸಾಲಕ್ಕೆ ಅಸಲು, ಬಡ್ಡಿ, ವಾಯಿದೆ, ಸಾಕ್ಷಿ, ಸಹಿ ಎಲ್ಲವೂ ಉಂಟು. ಋಣಕ್ಕೆ ಇವು ಯಾವುವೂ ಇಲ್ಲ. ತಾಯಿಯ ಋಣ, ಅನ್ನದ ಋಣ, ಊರಿನ ಋಣ ಅನ್ನುತ್ತೇವೆ. ಅದು ತೀರುವಂಥದ್ದಲ್ಲ, ತೀರಿ ಹೋಗಲಿ ಅಂತ ಯಾರೂ ಬಯಸುವುದೂ ಇಲ್ಲ. ತೊಂದರೆ ಶುರುವಾಗುವುದು ಇವೆರಡೂ ಕಲಸಿಹೋದಾಗ. ಊರು ಬಿಟ್ಟು ಮುಂಬಯಿಗೋ ಪುಣೆಗೋ ಬಂದವನು ತಿಂಗಳಿಗೊಮ್ಮೆ ಮನೆಗೆ ದುಡ್ಡು ಕಳಿಸುತ್ತಾನಲ್ಲ, ಅದರಲ್ಲಿ ಅಮ್ಮನ ಔಷಧಿಗೆಷ್ಟು, ತಂಗಿಯ ಮದುವೆಗೆ ತಂದ ಸಾಲದ ಬಡ್ಡಿಗೆಷ್ಟು ಅಂತ ಗೆರೆ ಎಳೆದು ಬರೆದಿಡುವವರು ಕಡಿಮೆ. ಎಲ್ಲವೂ ‘ಊರಿಗೆ ಕಳಿಸಿದ್ದು’ ಅನ್ನುವ ಒಂದೇ ಖಾತೆ.

ನಮ್ಮ ಕಾವ್ಯ, ಕಾದಂಬರಿ, ಸಿನಿಮಾಗಳು ಈ ಗೆರೆಯನ್ನು ಎಳೆಯಲು ನಮಗೆ ಕಲಿಸಿವೆಯೇ ಅನ್ನುವುದು ನನ್ನ ಪ್ರಶ್ನೆ. ಅದಕ್ಕಾಗಿ ಮೂರು ಕೃತಿಗಳನ್ನು ಎತ್ತಿಕೊಳ್ಳುತ್ತೇನೆ. ಮೂರರಲ್ಲೂ ಮನೆಯವರು ಸಾಲ ತೀರಿಸಲೆಂದೇ ಊರು ಬಿಡುತ್ತಾರೆ.

ಮೊದಲನೆಯದು ನಮಗೆಲ್ಲ ಗೊತ್ತಿರುವ ಹರಿಶ್ಚಂದ್ರನ ಕಥೆ. ಸುಮಾರು 800 ವರ್ಷಗಳ ಹಿಂದೆ ರಾಘವಾಂಕ ಇದನ್ನು ಕನ್ನಡದ ಕಾವ್ಯವಾಗಿಸಿದ. ಯಕ್ಷಗಾನ, ಕಂಪನಿ ನಾಟಕ, 1965ರಲ್ಲಿ ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ರಾಜಕುಮಾರ್ ಚಿತ್ರ, ಎಲ್ಲದರಲ್ಲೂ ಅದು ಮನೆಮನೆಗೆ ಮುಟ್ಟಿತು. ನಾವು ಅದನ್ನು ಸತ್ಯದ ಕಥೆ ಅನ್ನುತ್ತೇವೆ. ಆದರೆ ಸ್ವಲ್ಪ ಪಕ್ಕಕ್ಕೆ ನಿಂತು ನೋಡಿದರೆ ಅದು ಸಾಲದ ಕಥೆ, ಪರಊರಿನ ಕಥೆ. ಅಯೋಧ್ಯೆಯವನೊಬ್ಬ ಬಾಕಿ ತೀರಿಸಲು ದೂರದ ಕಾಶಿಗೆ ಹೋಗಿ ಕೂಲಿಯಾಗುವ ಕಥೆ.

ಆ ಬಾಕಿ ಹುಟ್ಟಿದ್ದು ಹೇಗೆ ನೋಡಿ. ಯಾಗಕ್ಕೆ ಬೇಕು ಅಂತ ವಿಶ್ವಾಮಿತ್ರ ಹೊನ್ನು ಕೇಳುತ್ತಾನೆ. ಆನೆಯ ಮೇಲೆ ನಿಂತ ಬಲಶಾಲಿ ಮೇಲಕ್ಕೆ ಎಸೆದದ್ದು ಎಷ್ಟೆತ್ತರ ಹೋಗುತ್ತದೋ ಅಷ್ಟೆತ್ತರದ ರಾಶಿ. ರಾಜ ಒಪ್ಪುತ್ತಾನೆ. ಬೇಕಾದಾಗ ಒಯ್ಯುತ್ತೇನೆ, ನಿನ್ನಲ್ಲೇ ಇರಲಿ ಅಂತ ಮುನಿ ಹೇಳಿ ಹೋಗುತ್ತಾನೆ. ಆಮೇಲೆ ಬೇರೊಂದು ನೆಪದಲ್ಲಿ ಇಡೀ ರಾಜ್ಯವೇ ಮುನಿಯ ಪಾಲಾಗುತ್ತದೆ. ಅದಾದ ಮೇಲೆ ಹಳೆಯ ಹೊನ್ನಿನ ತಗಾದೆ! ಆ ಹೊನ್ನು ಇದ್ದದ್ದು ಭಂಡಾರದಲ್ಲಿ, ಭಂಡಾರ ಹೋದದ್ದು ರಾಜ್ಯದ ಜೊತೆಗೆ. ಸೊಸೈಟಿಯಲ್ಲಿ ಗುಮಾಸ್ತಿಕೆ ಮಾಡಿದ ಯಾವನೇ ಆದರೂ, ‘ಸ್ವಾಮಿ, ಇದು ಒಂದೇ ಬಾಕಿ, ಎರಡು ಸಲ ವಸೂಲಿ ಆಗ್ತಾ ಇದೆ’ ಅಂದಾನು. ಎಲ್ಲವನ್ನೂ ನನಗೆ ಕೊಟ್ಟಾಯಿತಲ್ಲ, ಇನ್ನು ಅದರಿಂದ ಕೊಡುವುದೇನು ಅನ್ನುವುದು ಮುನಿಯ ವಾದ. ಲೆಕ್ಕಕ್ಕೆ ಹೊಂದದ ಈ ವಾದ ಕಾವ್ಯದಲ್ಲಿ ನಡೆದುಹೋಗುತ್ತದೆ. ಯಾಕೆಂದರೆ ಹರಿಶ್ಚಂದ್ರನಿಗೆ ಅದು ಸಾಲವಲ್ಲ, ಋಣ. ಕೊಟ್ಟ ಮಾತು.

ಮುಂದಿನದು ಗೊತ್ತೇ ಇದೆ. ಕಾಶಿಯ ಬೀದಿಯಲ್ಲಿ ಮೊದಲು ಮಾರಾಟವಾಗುವುದು ಚಂದ್ರಮತಿ ಮತ್ತು ಲೋಹಿತಾಶ್ವ. ಆಮೇಲೆ ಹರಿಶ್ಚಂದ್ರ ವೀರಬಾಹುಕನ ಆಳಾಗಿ ಮಸಣ ಕಾಯಲು ನಿಲ್ಲುತ್ತಾನೆ. ಅಲ್ಲಿಗೆ ಬಾಕಿ ತೀರಿತು. ಆದರೆ ಕಷ್ಟ ತೀರಲಿಲ್ಲ. ಒಡೆಯನ ಮನೆಯ ಕೆಲಸಕ್ಕೆ ಹೋದ ಹುಡುಗ ಹಾವು ಕಚ್ಚಿ ಸಾಯುತ್ತಾನೆ. ಮಾತು ಕೊಟ್ಟವನು ಅಪ್ಪ, ಸತ್ತವನು ಮಗ. ಕೊನೆಗೆ ವಿಶ್ವನಾಥ ಪ್ರತ್ಯಕ್ಷನಾಗಿ ಮಗನನ್ನು ಎಬ್ಬಿಸದೇ ಹೋಗಿದ್ದರೆ ಈ ಕಥೆಯನ್ನು ನಾವು ಸತ್ಯದ ಗೆಲುವು ಅಂತ ಹೇಳಿಕೊಳ್ಳುತ್ತಿದ್ದೆವೆ? ಚಂದ್ರಮತಿಯ ಕಡೆಯಿಂದ ಬರೆದ ಲೆಕ್ಕದ ಪುಸ್ತಕವೊಂದು ಇದ್ದಿದ್ದರೆ ಅದರಲ್ಲಿ ಜಮೆಯ ಕಡೆ ಏನಿರುತ್ತಿತ್ತು?

ರಾಘವಾಂಕನನ್ನು ಇಲ್ಲಿ ದೂರಬೇಕಾಗಿಲ್ಲ. ಅವನ ವಿಷಯ ಸತ್ಯ, ಬಡ್ಡಿ ಅಲ್ಲ. ತಗಾದೆಯವನು ಹೇಗಿರುತ್ತಾನೆ ಅನ್ನುವುದಂತೂ ಈ ಕಥೆಗೆ ಚೆನ್ನಾಗಿ ಗೊತ್ತಿತ್ತು. ಅದು ನಮಗೆ ಕೊಟ್ಟ ನಕ್ಷತ್ರಿಕ ಆಡುಮಾತಿಗೇ ಇಳಿದುಬಿಟ್ಟಿದ್ದಾನೆ. ಇವತ್ತಿಗೂ ಬೆನ್ನು ಬಿಡದೆ ಕಾಡುವವನನ್ನು ನಕ್ಷತ್ರಿಕ ಅನ್ನುತ್ತೇವೆ. ಕೊರತೆ ಇರುವುದು ಕೇಳುವವರಾದ ನಮ್ಮಲ್ಲಿ. ಮಾತಿಗೆ ತಪ್ಪದ ಅರಸನನ್ನು ನೆನಪಿಟ್ಟುಕೊಂಡೆವು, ಅವನ ಮಾತಿಗೆ ಬೆಲೆ ಕೊಟ್ಟವರನ್ನು ಕಣ್ಣೀರಿನ ಪಾತ್ರಗಳಾಗಿ ಮಾತ್ರ ನೋಡಿದೆವು.

ಈ ಕಥೆಗೂ ನಾನಿರುವ ಮುಂಬಯಿಗೂ ಒಂದು ಹಳೆಯ ನಂಟಿದೆ. ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಗಿರ್ಗಾಂವ್‌ನ ಕೊರೊನೇಷನ್ ಥಿಯೇಟರಿನಲ್ಲಿ ತೆರೆಕಂಡಿತು. ಆ ಸಿನಿಮಾ ತಯಾರಾದದ್ದು ಸಾಲದಿಂದಲೇ. ಫಾಲ್ಕೆ ತಮ್ಮ ವಿಮಾ ಪಾಲಿಸಿ ಒತ್ತೆ ಇಟ್ಟರು, ಹೆಂಡತಿ ಸರಸ್ವತಿಬಾಯಿ ಒಡವೆ ಕೊಟ್ಟರು. ಬರೀ ಒಡವೆಯಲ್ಲ, ಅಷ್ಟೂ ಜನಕ್ಕೆ ಅಡುಗೆ ಮಾಡಿ ಹಾಕಿದವರು, ಫಿಲ್ಮ್ ಸಂಸ್ಕರಿಸುವ ಕೆಲಸದಲ್ಲಿ ಕೈಜೋಡಿಸಿದವರು ಅವರೇ. ರಾಜನ ಮಗನ ಪಾತ್ರ ಮಾಡಿದ್ದು ಫಾಲ್ಕೆಯವರ ಮಗ. ರಾಣಿಯ ಪಾತ್ರಕ್ಕೆ ಹೆಂಗಸರು ಯಾರೂ ಮುಂದೆ ಬರಲಿಲ್ಲ, ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಸಾಳುಂಕೆ ಎಂಬ ಹುಡುಗ ಸೀರೆ ಉಟ್ಟ. ಸಾಲ ತೀರಿಸಿದ ರಾಜನ ಚಿತ್ರಕ್ಕೆ ಒತ್ತೆ ಬಿದ್ದದ್ದು ಹೆಂಡತಿಯ ಬಂಗಾರ. ಪೋಸ್ಟರಿನಲ್ಲಿ ಮಾತ್ರ ರಾಜ.

ಎರಡನೆಯದು ಶಿವರಾಮ ಕಾರಂತರ ‘ಚೋಮನ ದುಡಿ’. 1975ರಲ್ಲಿ ಬಿ.ವಿ. ಕಾರಂತರು ಸಿನಿಮಾ ಮಾಡಿದ ಮೇಲೆ ಓದದವರಿಗೂ ಕಥೆ ಗೊತ್ತು. ಸ್ವಂತಕ್ಕೊಂದು ತುಂಡು ನೆಲ ಉಳಬೇಕು ಅನ್ನುವುದು ಚೋಮನ ಆಸೆ. ಕೊರಳಿಗೆ ಬಿದ್ದಿರುವುದು ಕಾಫಿ ತೋಟದ ಸಾಲ. ಆ ಸಾಲಕ್ಕಾಗಿ ಮೊದಲು ಗಂಡುಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಅಲ್ಲೇ ಪ್ರೀತಿಸಿ, ಮತ ಬದಲಿಸಿ ಉಳಿದುಬಿಡುತ್ತಾನೆ. ಇನ್ನೊಬ್ಬ ಜ್ವರ ಹೊತ್ತು ಬಂದು ಸಾಯುತ್ತಾನೆ. ಸಾಲ ಹಾಗೇ ಇರುತ್ತದೆ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಸಾಲದ ಲೆಕ್ಕ ಅಳಿಸಿಹೋಗುತ್ತದೆ, ಆದರೆ ಅದು ಅವಳ ದುಡಿಮೆಯಿಂದಲ್ಲ, ಅವಳ ಮೈಯಿಂದ. ಸಾಲ ತೀರಿತು ಅಂತ ಕೇಳಿದ ಚೋಮನಿಗೆ ಹಗುರಾಗುತ್ತದೆ. ಹೇಗೆ ತೀರಿತು ಅನ್ನುವುದು ಗೊತ್ತಾಗುವುದು ಆಮೇಲೆ.

ರಾಘವಾಂಕ ಸತ್ಯದ ಮಹಿಮೆಗಾಗಿ ದಾಟಿ ಹೋದ ಜಾಗದಲ್ಲಿ ಕಾರಂತರು ನಿಂತುಕೊಳ್ಳುತ್ತಾರೆ. ಇಲ್ಲಿ ಯಾವ ದೇವರೂ ಬರುವುದಿಲ್ಲ. ಸಾಲ ಮುಗಿದರೂ ನೆಲ ಸಿಗುವುದಿಲ್ಲ, ಯಾಕೆಂದರೆ ಜಾತಿಯ ಕಟ್ಟು ಸಾಲದ ಪುಸ್ತಕದಲ್ಲಿ ಬರೆದದ್ದಲ್ಲ. ಸಾಲ ತೀರಿದವನೆಲ್ಲ ಸ್ವತಂತ್ರ ಅನ್ನುವ ಮಾತು ಸುಳ್ಳು ಅಂತ ಇಷ್ಟು ನೇರವಾಗಿ ಹೇಳಿದ ಇನ್ನೊಂದು ಕನ್ನಡ ಕಾದಂಬರಿ ನನಗೆ ಕಾಣದು.

ಮೂರನೆಯದು ಕನ್ನಡದ್ದಲ್ಲ. ಬಿಮಲ್ ರಾಯ್ ಅವರ ‘ದೋ ಬೀಘಾ ಜಮೀನ್’, 1953ರದ್ದು. ಕಲ್ಕತ್ತೆಯಿಂದ ಹೊಟ್ಟೆಪಾಡಿಗೆ ಮುಂಬಯಿಗೆ ಬಂದವರು ಮಾಡಿದ ಚಿತ್ರ. ಜಮೀನ್ದಾರನ ಲೆಕ್ಕದಲ್ಲಿ ಸಾಲ 65 ರೂಪಾಯಿ ಅಂದುಕೊಂಡು ಶಂಭು ಮನೆಯ ಒಡವೆ ಮಾರಿ ದುಡ್ಡು ಹೊಂದಿಸುತ್ತಾನೆ. ಹೋಗಿ ನೋಡಿದರೆ ಪುಸ್ತಕದಲ್ಲಿ 235! ಅವನಿಗೆ ಓದಲು ಬಾರದು. ಕೋರ್ಟು ಮೂರು ತಿಂಗಳ ಗಡುವು ಕೊಡುತ್ತದೆ. ಕಲ್ಕತ್ತೆಗೆ ಹೋಗಿ ರಿಕ್ಷಾ ಎಳೆಯುತ್ತಾನೆ, ಮಗ ಬೂಟು ಪಾಲಿಶ್ ಮಾಡುತ್ತಾನೆ. ಗಂಡನನ್ನು ಹುಡುಕಿಕೊಂಡು ಬಂದ ಹೆಂಡತಿ ಅಪಘಾತಕ್ಕೆ ಸಿಕ್ಕುತ್ತಾಳೆ. ಕೂಡಿಸಿದ್ದು ಅವಳ ಚಿಕಿತ್ಸೆಗೆ ಹೋಗುತ್ತದೆ, ನೆಲ ಹರಾಜಾಗುತ್ತದೆ. ಈ ಚಿತ್ರದ ದೊಡ್ಡತನ ಬಲರಾಜ್ ಸಾಹ್ನಿಯವರ ಓಟದಲ್ಲಿ ಮಾತ್ರ ಇಲ್ಲ, 65 ಮತ್ತು 235 ಅನ್ನುವ ಎರಡು ಅಂಕಿಗಳಲ್ಲಿದೆ. ಸಾಲವನ್ನು ಅಂಕಿಯಾಗಿ ಪರದೆಗೆ ತಂದದ್ದು ಇದು. ಅಂಕಿ ಕಂಡಕೂಡಲೇ ಮೋಸವೂ ಕಂಡಿತು.

ಹಾಗಾದರೆ ಮುಂಬಯಿಯ ನಮ್ಮ ಕನ್ನಡ ಬರವಣಿಗೆ? ಚಿತ್ತಾಲರ ‘ಶಿಕಾರಿ’ಯಲ್ಲಿ ಕೆಲಸಕ್ಕೇ ಕುತ್ತು ಬಂದವನ ದಿಗಿಲಿದೆ. ಚಾಳಿನ ಬದುಕು, ಲೋಕಲ್ ರೈಲು, ಒಂಟಿತನ ಎಲ್ಲವೂ ನಮ್ಮ ಕಥೆಗಳಲ್ಲಿ ದಂಡಿಯಾಗಿ ಬಂದಿವೆ. ಆದರೆ ನಾನು ಓದಿದ ಮಟ್ಟಿಗೆ, ತಿಂಗಳ ಒಂದನೇ ತಾರೀಕು ಬಡ್ಡಿ ಲೆಕ್ಕ ಹಾಕುವ ಮನುಷ್ಯ ನಮ್ಮ ಕಥೆಗಳಲ್ಲಿ ಅಪರೂಪ. ಊರಿಗೆ ದುಡ್ಡು ಕಳಿಸುವ ಮಗ ಇದ್ದಾನೆ, ಆದರೆ ಅವನು ತ್ಯಾಗಮೂರ್ತಿ. ತ್ಯಾಗ ಮಾಡುವವನ ಹತ್ತಿರ ಲೆಕ್ಕ ಕೇಳುವುದು ಹೇಗೆ?

ಆ ಲೆಕ್ಕ ಇಲ್ಲಿ ಹಾಕಿ ನೋಡೋಣ. ನೂರಕ್ಕೆ ಮೂರು ಅಂತ ಊರಲ್ಲಿ ಸಲೀಸಾಗಿ ಹೇಳುತ್ತಾರಲ್ಲ, ಅದು ತಿಂಗಳ ಬಡ್ಡಿ. ವರ್ಷಕ್ಕೆ 36. ಒಂದು ಲಕ್ಷಕ್ಕೆ ತಿಂಗಳಿಗೆ 3,000 ರೂಪಾಯಿ ಬರೀ ಬಡ್ಡಿಗೇ ಬೇಕು. ಮುಂಬಯಿಯ ಮಗ ಪ್ರಾಮಾಣಿಕವಾಗಿ, ಒಂದು ತಿಂಗಳೂ ತಪ್ಪದೆ 3,000 ಕಳಿಸುತ್ತಾನೆ ಅನ್ನಿ. ನಾಲ್ಕು ವರ್ಷದಲ್ಲಿ 1,44,000 ರೂಪಾಯಿ ಕಟ್ಟಿರುತ್ತಾನೆ, ಬಾಕಿ ಒಂದು ಲಕ್ಷ ಹಾಗೇ ಕೂತಿರುತ್ತದೆ. ಅದೇ ಬಡ್ಡಿಗೆ ತಿಂಗಳಿಗೆ 5,000 ಕಟ್ಟಿದರೆ 31 ತಿಂಗಳಿಗೆ ಸಾಲ ಮುಗಿಯುತ್ತದೆ. ಇನ್ನೂ ಒಂದು ದಾರಿ ನೋಡಿ. ಇಲ್ಲಿ ಪತ್ ಪೇಢಿ ಅನ್ನುವ ಸಹಕಾರಿ ಸಾಲ ಸಂಘಗಳಿವೆ. ಅಲ್ಲಿಂದಲೋ ಬ್ಯಾಂಕಿನಿಂದಲೋ ವರ್ಷಕ್ಕೆ 12ರ ದರದಲ್ಲಿ ಒಂದು ಲಕ್ಷ ಸಿಕ್ಕಿ ಊರಿನ ಸಾಲವನ್ನು ಒಮ್ಮೆಗೇ ತೀರಿಸಿದರೆ, ಎಂದೂ ಮುಗಿಯದಿದ್ದ ಅದೇ 3,000 ರೂಪಾಯಿ ಕಂತು 41 ತಿಂಗಳಿಗೆ ಎಲ್ಲವನ್ನೂ ಮುಗಿಸುತ್ತದೆ. ಮೂರು ಲೆಕ್ಕದಲ್ಲೂ ಮನುಷ್ಯ ಒಬ್ಬನೇ, ನಿಯತ್ತು ಅಷ್ಟೇ. ಅಸಲು ಕರಗಿತೋ ಇಲ್ಲವೋ ಅನ್ನುವುದೊಂದೇ ವ್ಯತ್ಯಾಸ. ಸಾಲಕ್ಕೆ ಗೊತ್ತಿರುವುದು ಅಸಲು ಮಾತ್ರ, ನಮ್ಮ ಸತ್ಯವಂತಿಕೆ ಅದಕ್ಕೆ ಗೊತ್ತಿಲ್ಲ.

ಹೀಗೆ ಲೆಕ್ಕ ಕೇಳುವುದು ನಮ್ಮ ಸಂಸ್ಕೃತಿಗೆ ಹೊರಗಿನದು ಅನ್ನುವವರಿದ್ದಾರೆ. ಹಾಗೇನೂ ಇಲ್ಲ. ಒಂದು ಸಲಕ್ಕೆ ವಸೂಲಿ ಮಾಡುವ ಬಡ್ಡಿ ಅಸಲನ್ನು ಮೀರಕೂಡದು ಅನ್ನುವ ದಾಮ್‌ದುಪಟ್ ನಿಯಮ ಹಳೆಯ ಹಿಂದೂ ಧರ್ಮಶಾಸ್ತ್ರದ್ದೇ. ಮುಂಬಯಿ ಪ್ರಾಂತ್ಯದ ಕೋರ್ಟುಗಳು ಅದನ್ನು ಮಾನ್ಯ ಮಾಡಿದ್ದವು. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಸಹಕಾರಿ ಸಂಘ ಕಟ್ಟಿದ್ದು ಸಾಹುಕಾರನ ಬಡ್ಡಿಯಿಂದ ಪಾರಾಗಲಿಕ್ಕೆ. ಉಡುಪಿಯಲ್ಲಿ 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೇ ಬಂದು ಪಡೆಯುತ್ತಿದ್ದರು. ಆ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ದೇವರಾಜ ಅರಸು ಅವರ ಸರ್ಕಾರದ 1976ರ ಋಣ ಪರಿಹಾರ ಕಾಯಿದೆ ಸಣ್ಣ ರೈತರ, ಕೂಲಿಗಳ ಎಷ್ಟೋ ಸಾಲಗಳನ್ನು ಸಾಲವೇ ಅಲ್ಲ ಅಂದಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರು ಸಾಲದ ವಸೂಲಿಯಲ್ಲಿ ಕಿರುಕುಳ ಕೊಡುವವರಿಗೆ ಹತ್ತು ವರ್ಷದವರೆಗೆ ಜೈಲು ಅನ್ನುವ ಸುಗ್ರೀವಾಜ್ಞೆ ತಂದಿತು. ನಕ್ಷತ್ರಿಕನಿಗೂ ಕಾನೂನು ಬಂತು ಅನ್ನಿ. ನಮ್ಮ ಸಂಸ್ಥೆಗಳು, ನಮ್ಮ ಕಾಯಿದೆಗಳು ಸಾಲವನ್ನು ಸಾಲವೆಂದೇ ನೋಡಿದವು. ಕಥೆ ಹೇಳುವಾಗ ಮಾತ್ರ ಅದು ಋಣವಾಗುತ್ತದೆ.

ಊರಲ್ಲಿರುವ ಓದುಗರಿಗೆ ಒಂದು ಮಾತು ಹೇಳಬೇಕು. ‘ಮಗ ಮುಂಬಯಿಯಲ್ಲಿದ್ದಾನಲ್ಲ’ ಅನ್ನುವುದು ನಮ್ಮ ಹಳ್ಳಿಗಳಲ್ಲಿ ದೊಡ್ಡ ಜಾಮೀನು. ಅವನ ಸಹಿ ಇಲ್ಲದೆ, ಅವನಿಗೆ ಗೊತ್ತೂ ಆಗದೆ, ಅವನ ಸಂಬಳದ ಭರವಸೆಯ ಮೇಲೆ ಸಾಲ ಹುಟ್ಟುತ್ತದೆ. ಮದುವೆಗೆ ಇನ್ನೊಂದು ಪಂಕ್ತಿ ಹೆಚ್ಚಾಗುತ್ತದೆ, ಮನೆಗೆ ಇನ್ನೊಂದು ಅಂತಸ್ತು ಏರುತ್ತದೆ. ಅವನು ಎಷ್ಟು ಅಂತ ಕೇಳಿದರೆ, ‘ಪಟ್ಟಣಕ್ಕೆ ಹೋದ ಮೇಲೆ ಲೆಕ್ಕ ಕೇಳೋಕೆ ಶುರುಮಾಡಿದ’ ಅಂತ ಮಾತು ಬರುತ್ತದೆ. ಅದಕ್ಕೆ ಹೆದರಿ ಅವನು ಕೇಳುವುದಿಲ್ಲ. ಇಲ್ಲಿ ಅವನ ಹೆಂಡತಿ ಟಿಫಿನ್ ಡಬ್ಬಿ ಕಟ್ಟುತ್ತಾಳೆ, ಫಾಲ್ಸ್ ಹಾಕುತ್ತಾಳೆ. ಮಗ ಇಂಜಿನಿಯರಿಂಗ್ ಬಿಟ್ಟು ಯಾವುದೋ ಡಿಪ್ಲೊಮಾ ಸೇರುತ್ತಾನೆ. ಚಂದ್ರಮತಿ ಲೋಹಿತಾಶ್ವರು ಎಲ್ಲೂ ಹೋಗಿಲ್ಲ, ಇದೇ ಲೋಕಲ್ ಗಾಡಿಯಲ್ಲಿ ಓಡಾಡುತ್ತಿದ್ದಾರೆ.

ಹರಿಶ್ಚಂದ್ರನ ಆಟ ಇನ್ನೂ ನೂರು ಕಾಲ ನಡೆಯಲಿ, ಅತ್ತು ನೋಡೋಣ. ಆದರೆ ಸಾಲ ತೀರಿಸುವ ದಾರಿಯನ್ನು ಅಲ್ಲಿಂದ ಕಲಿಯುವುದು ಬೇಡ. ಅದಕ್ಕೆ ‘ಚೋಮನ ದುಡಿ’ ಓದಬೇಕು, ಶಂಭುವಿನ 65 ಮತ್ತು 235ನ್ನು ನೆನಪಿಡಬೇಕು. ಯಾರ ಹೆಸರಿನಲ್ಲಿ ಸಾಲ, ಎಷ್ಟು ಅಸಲು, ಇಲ್ಲಿಯವರೆಗೆ ಕಟ್ಟಿದ್ದೆಷ್ಟು, ಕಟ್ಟಿದ್ದು ಯಾರ ಕೈಯಿಂದ ಅನ್ನುವ ನಾಲ್ಕು ಪ್ರಶ್ನೆಗಳನ್ನು ಮನೆಯವರೆಲ್ಲ ಕೂತು ಕೇಳಿಕೊಳ್ಳಬೇಕು. ಹಾಗೆ ಕೇಳಿದರೆ ತಾಯಿಯ ಋಣಕ್ಕೆ ಏನೂ ಕಡಿಮೆಯಾಗುವುದಿಲ್ಲ. ಅದು ಹೇಗೂ ತೀರುವಂಥದ್ದಲ್ಲ. ತೀರಬೇಕಾದದ್ದು ಸಾಲ, ಅದಂತೂ ತೀರಲಿ.